ಕೆಂಪು ಟೋಪಿಯ ಕಂಡಕ್ಟರ್

ಈ ಪರದೇಶದ ಕಡಲೂರಿನಲ್ಲಿ ಒಂದು ಸಲೂನು. ಅಲ್ಲಿ ನಾನು ತಲೆ ತೊಳೆಯುವವಳು, ನನ್ನ ಗೆಳತಿ ಕೂದಲು ಕತ್ತರಿಸುವವಳು. ಕೈಗಿಂತ ಬಾಯಿ ಚುರುಕು ಅಂತ ಅವಳಿಗೆ ಕತ್ತರಿ ಎಂದು ಹೆಸರಿಟ್ಟವಳು ನಾನೇ. ಸಲೂನಿನ ಮೇಲೆ ಎರಡು ಕೋಣೆ. ಒಂದು ನನ್ನದು, ಇನ್ನೊಂದು ಅವಳದು ಮತ್ತು ಅವಳ ಅಪ್ಪನದು. ಯಾರಿಗೂ ಸೊಪ್ಪು ಹಾಕದ ಆ ಹೆಂಗಸು ದಿನಾ ಬೆಳಿಗ್ಗೆ ಒಂದು ಗಳಿಗೆ ಮಾತ್ರ ನಡುಗುತ್ತಿದ್ದಳು. ಗೋಡೆಯ ಈಚೆ ನನಗೆ ಎಲ್ಲ ಕೇಳಿಸುತ್ತಿತ್ತು.

"ಅಪ್ಪಾ, ನಾನ್ಯಾರು ಹೇಳಿ?"

"ಇದೊಳ್ಳೆ ಕತೆ ಆಯ್ತಲ್ಲ. ನನ್ನ ಮಗಳು. ಕಾಫಿ ಎಲ್ಲಿ?"

ಆಮೇಲೆ ಸ್ಟವ್ ಹತ್ತಿಸುವ ಸದ್ದು. ಅದು ಕೇಳಿದ ಮೇಲೇ ನಾನು ಹಾಸಿಗೆಯಿಂದ ಏಳುತ್ತಿದ್ದೆ.

ಅಪ್ಪ ಬಸ್ ಕಂಡಕ್ಟರ್ ಆಗಿ ನಿವೃತ್ತರಾದವರು. ಮರೆವು ಅವರನ್ನು ಸ್ವಲ್ಪ ಸ್ವಲ್ಪವಾಗಿ ತಿನ್ನುತ್ತಿತ್ತು. ಹಗಲೆಲ್ಲ ಸಲೂನಿನ ಬೆಂಚಿನ ಮೇಲೆ ಕೂತಿರುತ್ತಿದ್ದರು. ಗಿರಾಕಿ ಕುರ್ಚಿಯಿಂದ ಎದ್ದರೆ "ರೈಟ್, ರೈಟ್" ಅನ್ನುತ್ತಿದ್ದರು. ಮಗು ಒಳಗೆ ಬಂದರೆ ಮಾತ್ರ ಮುಖ ಗಂಭೀರವಾಗುತ್ತಿತ್ತು. "ಯಾರ ಜೊತೆ ಬಂದೆ?" ಆ ಮಕ್ಕಳಿಗೆ ನಮ್ಮ ಭಾಷೆ ಎಲ್ಲಿಂದ ಬರಬೇಕು? ಆದರೂ ಬಿಡುತ್ತಿರಲಿಲ್ಲ. ಸರ್ವಿಸಿನಲ್ಲಿದ್ದಾಗ ಒಂಟಿ ಮಗು ಬಸ್ಸಿನಲ್ಲಿದ್ದರೆ, ಅದರ ಕಡೆಯವರು ಸ್ಟಾಪಿಗೆ ಬರುವ ತನಕ ಅವರು ಬಸ್ಸು ಬಿಡಗೊಡುತ್ತಿರಲಿಲ್ಲವಂತೆ. ಡ್ರೈವರ್ ಹಾರ್ನ್ ಹೊಡೆದರೂ ಅಷ್ಟೆ, ಪ್ರಯಾಣಿಕರು ಬಾಯಿಗೆ ಬಂದಂತೆ ಬೈದರೂ ಅಷ್ಟೆ. ಕತ್ತರಿ ಇದನ್ನು ನನಗೆ ಎಷ್ಟು ಸಲ ಹೇಳಿದ್ದಾಳೋ.

ಊರಿನಿಂದ ಅವಳ ಅಣ್ಣ ದಿನಾ ಫೋನ್ ಮಾಡುತ್ತಿದ್ದ. "ಗುರುತು ಹಿಡಿದ್ರಾ?" ಅದೇ ಮೊದಲ ಮಾತು. ಅಪ್ಪನನ್ನು ಕರೆತರುವಾಗಲೇ ಆಗಿದ್ದ ಒಪ್ಪಂದ ಅದು: ಮಗಳ ಗುರುತು ಸಿಗದ ದಿನ ಅವನು ಬಂದು ಕರೆದುಕೊಂಡು ಹೋಗುತ್ತಾನೆ, ಅಲ್ಲೊಂದು ಒಳ್ಳೆಯ ವೃದ್ಧಾಶ್ರಮಕ್ಕೆ ಮಾತಾಡಿಟ್ಟಿದ್ದಾನೆ. "ಗುರುತೇ ಇಲ್ಲದವರ ಹತ್ರ, ಆ ಪರದೇಶದಲ್ಲಿ ಅವರು ಯಾಕಿರಬೇಕು ಹೇಳು" ಅನ್ನುತ್ತಿದ್ದ. ಅವನ ಮಾತು ಸರಿಯೇ. ಸರಿಯಾಗಿದ್ದದ್ದಕ್ಕೇ ನನಗೆ ಅವನ ಮೇಲೆ ಸಿಟ್ಟು.

ಈ ಊರಿನಲ್ಲಿ ಅದು ನಮ್ಮ ಮೊದಲ ಕ್ರಿಸ್‌ಮಸ್. ಇಲ್ಲಿ ಡಿಸೆಂಬರ್ ಅಂದರೆ ನೆತ್ತಿ ಸುಡುವ ಬಿಸಿಲು. ಸಲೂನಿಗೆ ರಜೆ. ಮೂವರೂ ಕಡಲ ತೀರಕ್ಕೆ ಹೋಗೋಣ ಅಂದೆ. ಕತ್ತರಿಗೆ ಜನಜಂಗುಳಿಯ ಭಯ. ಅಪ್ಪ ಕಣ್ತಪ್ಪಿದರೆ? ಹಿಂದಿನ ಸಂಜೆ ಅಂಗಡಿಯಿಂದ ಬಿಳಿ ಕುಚ್ಚಿನ ಕೆಂಪು ಟೋಪಿ ತಂದಳು. "ಎಷ್ಟು ದೂರದಿಂದಾದ್ರೂ ಕಾಣುತ್ತೆ ನೋಡು" ಎಂದು ಬೀಗಿದಳು.

"ಹೆತ್ತಪ್ಪನಿಗೇ ಟೋಪಿ ಹಾಕ್ತೀಯಲ್ಲೇ" ಅಂದೆ. ಅಪ್ಪನೂ ನಕ್ಕರು. ಅವರ ಹೊಟ್ಟೆ ಡೊಳ್ಳು, ಗಡ್ಡ ಎದೆಯವರೆಗೆ, ಬೆಳ್ಳಗೆ. ಊರವರ ತಲೆಯನ್ನೆಲ್ಲ ಕತ್ತರಿಸುವ ಮಗಳಿಗೆ ಆ ಗಡ್ಡ ಮುಟ್ಟಲು ಮಾತ್ರ ಬಿಡುತ್ತಿರಲಿಲ್ಲ.

ತೀರದಲ್ಲಿ ಗಾಳಿಯೋ ಗಾಳಿ. ಹಾಸಲು ತಂದ ಬೆಡ್‌ಶೀಟು ಹಾರತೊಡಗಿತು. ಅವಳು ಎರಡು ಮೂಲೆ, ನಾನು ಎರಡು ಮೂಲೆ ಹಿಡಿದು ಮರಳು ಹೇರಿ ಕೂರಿಸಿದೆವು. ತಲೆಯೆತ್ತಿದರೆ ಅಪ್ಪ ಇಲ್ಲ.

"ಗಾಬರಿ ಬೇಡ, ಕೆಂಪು ಟೋಪಿ ನೋಡು" ಎಂದಳು ಕತ್ತರಿ. ನೋಡಿದೆ. ತೀರದ ಉದ್ದಕ್ಕೂ ಕೆಂಪು ಟೋಪಿ. ಹಸುಳೆಗಳ ತಲೆಯ ಮೇಲೆ, ಹೆಂಗಸರ ತಲೆಯ ಮೇಲೆ, ಒಂದು ನಾಯಿಯ ತಲೆಯ ಮೇಲೂ. ಅರ್ಧಕ್ಕರ್ಧ ಗಂಡಸರು ಹತ್ತಿಯ ಗಡ್ಡ ಬೇರೆ ಅಂಟಿಸಿಕೊಂಡಿದ್ದರು. ಹಬ್ಬಕ್ಕೆ ಇಲ್ಲಿನ ಜನ ಹೀಗೆ ಬರುತ್ತಾರೆಂದು ನಮಗೆ ಯಾರು ಹೇಳಿದ್ದರು?

ಏಣಿಯ ಮೇಲಿನ ಎತ್ತರದ ಕುರ್ಚಿಯಲ್ಲಿ ಜೀವರಕ್ಷಕ ಕೂತಿದ್ದ. ಕತ್ತರಿ ಇಲ್ಲಿನ ಭಾಷೆಯಲ್ಲಿ ಅಪ್ಪನ ಗುರುತು ಹೇಳಿದಳು. ವಯಸ್ಸಾದವರು, ಬಿಳಿ ಗಡ್ಡ, ದೊಡ್ಡ ಹೊಟ್ಟೆ, ಕೆಂಪು ಟೋಪಿ. ಅವನು ತಮಾಷೆ ಎಂದುಕೊಂಡು ನಕ್ಕ. ಅವಳ ಮುಖ ಕಂಡ ಮೇಲೆ ನಗು ನಿಲ್ಲಿಸಿದ. "ಈಜು ಬರುತ್ತಾ ಅವರಿಗೆ?" ಎಂದು ಕೇಳಿ, ದುರ್ಬೀನು ತೆಗೆದು ಮೊದಲು ನೀರಿನ ಕಡೆ ನೋಡಿದ.

ಇಬ್ಬರೂ ಓಡಿದೆವು. ಸುಡುವ ಮರಳಿನಲ್ಲಿ ಚಪ್ಪಲಿ ಎಲ್ಲಿ ಹೋಯಿತೋ. ಕತ್ತರಿ ಕಂಡ ಕಂಡ ಮುದುಕರ ಭುಜ ಹಿಡಿದು ತಿರುಗಿಸುತ್ತಿದ್ದಳು. ಅವರೋ ಹಲ್ಲು ಕಿರಿದು ಹಬ್ಬದ ಶುಭಾಶಯ ಹೇಳುತ್ತಿದ್ದರು. "ನಿನ್ನ ಶುಭಾಶಯಕ್ಕಿಷ್ಟು ಬೆಂಕಿ ಹಾಕ" ಎಂದು ಒಬ್ಬನಿಗೆ ನಮ್ಮ ಭಾಷೆಯಲ್ಲೇ ಬೈದಳು. ಬೇರೆ ದಿನವಾಗಿದ್ದರೆ ನಾನು ಬಿದ್ದು ಬಿದ್ದು ನಗುತ್ತಿದ್ದೆ. ಅಲೆ ಹಿಂದೆ ಸರಿದಾಗಲೆಲ್ಲ ನನ್ನ ಕಣ್ಣು ಅಲ್ಲಿಗೇ ಹೋಗುತ್ತಿತ್ತು. ಅವಳು ಸೊಂಟದವರೆಗೂ ನೀರಿಗಿಳಿದು ಕೂಗಿದಳು, ಮತ್ತೆ ಮೇಲೆ ಬಂದಳು.

"ಅಣ್ಣ ಸರಿಯಾಗೇ ಹೇಳಿದ್ದ ಕಣೇ. ನನ್ನ ಕೈಲಿ ಆಗಲ್ಲ."

"ಸುಮ್ನಿರು" ಅಂದೆ. ಅವಳ ಕೈ ಹಿಡಿದು ಮುಂದಕ್ಕೆ ಎಳೆದೆ.

ಅಷ್ಟರಲ್ಲಿ ಎಲ್ಲಿಂದಲೋ ಕೇಳಿಸಿತು: "ರೈಟ್, ರೈಟ್."

ಐಸ್‌ಕ್ರೀಮ್ ಅಂಗಡಿಯ ಪಕ್ಕದ ಚಪ್ಪರದ ಕೆಳಗೆ ಮಕ್ಕಳ ಸಾಲು. ಸಾಲಿನ ತುದಿಯಲ್ಲಿ ಬೆಂಚಿನ ಮೇಲೆ ಅಪ್ಪ. ಅಂಟಿಸದ ಗಡ್ಡದ ಕ್ರಿಸ್‌ಮಸ್ ತಾತ ಸಿಕ್ಕಿದನೆಂದು ಜನ ಫೋಟೊ ತೆಗೆಯುತ್ತಿದ್ದರು. ಅಪ್ಪ ಪ್ರತಿ ಮಗುವನ್ನೂ ಕೇಳುತ್ತಿದ್ದರು, "ಯಾರ ಜೊತೆ ಬಂದೆ?" ಮಗು ತಬ್ಬಿಬ್ಬಾಗಿ ತಾಯಿಯ ಕಡೆ ತಿರುಗುತ್ತಿತ್ತು. ಅಪ್ಪ ತಾಯಿಯನ್ನು ನೋಡಿ, ತಲೆಯಾಡಿಸಿ, "ರೈಟ್" ಅನ್ನುತ್ತಿದ್ದರು. ಅಷ್ಟು ಗೆಲುವಾಗಿ ಅವರು ಕೂತದ್ದನ್ನು ನಾನು ಅದುವರೆಗೆ ಕಂಡಿರಲಿಲ್ಲ.

ಕತ್ತರಿ ಸಾಲಿನೊಳಗೆ ನುಗ್ಗಿ ಅವರ ಮುಂದೆ ಕುಸಿದು ಕೂತಳು. ಬೈಯಲು ಬಾಯಿ ತೆರೆದಳು, ಅಳು ಬಂತು. ಅಪ್ಪ ಅವಳ ಮುಖವನ್ನು, ಒದ್ದೆ ಬಟ್ಟೆಯನ್ನು ದಿಟ್ಟಿಸಿದರು.

"ಯಾಕಮ್ಮಾ ಅಳ್ತೀಯ? ಯಾರ ಜೊತೆ ಬಂದೆ ನೀನು?"

ಅವಳು ಅಂಗೈಯಿಂದ ಮುಖ ಒರೆಸಿಕೊಂಡಳು.

"ನಿಮ್ಮ ಜೊತೆ" ಎಂದಳು.

"ಹಾಗಾದ್ರೆ ಇಲ್ಲಿ ಕೂತ್ಕೊ" ಎಂದು ಅಪ್ಪ ಬೆಂಚಿನ ಮೇಲೆ ಜಾಗ ಮಾಡಿದರು.

ಸಾಲು ಕರಗುವ ಹೊತ್ತಿಗೆ ಅಣ್ಣನ ಫೋನು ಬಂತು. ಸುಳ್ಳು ಹೇಳು ಎಂದು ನಾನು ಕಣ್ಣಲ್ಲೇ ಬೇಡಿಕೊಂಡೆ. ಅವಳು ಕೇಳಲಿಲ್ಲ. "ಇಲ್ಲ ಅಣ್ಣ, ಇವತ್ತು ಗುರುತು ಹಿಡೀಲಿಲ್ಲ" ಎಂದು ಫೋನನ್ನು ಸ್ಪೀಕರಿಗೆ ಹಾಕಿ ಅಪ್ಪನ ಮುಂದೆ ಹಿಡಿದಳು.

"ಅಪ್ಪಾ, ನಾನು ಬಂದು ಕರ್ಕೊಂಡು ಹೋಗ್ತೀನಿ. ನನ್ನ ಜೊತೆ ಹೊರಡ್ತೀರಲ್ಲ?" ಅಂದ ಅಣ್ಣ.

"ಈಗಾಗಲ್ಲಪ್ಪ" ಅಂದರು ಅಪ್ಪ. ದನಿ ಡ್ಯೂಟಿಯ ಮೇಲಿರುವವರದು. "ಇಲ್ಲೊಬ್ಬಳು ಹುಡುಗಿ ಇದಾಳೆ. ನನ್ನ ಜೊತೆ ಬಂದಿದಾಳಂತೆ. ಅವಳ ಕಡೆಯವರು ಬರೋ ತನಕ ಬಸ್ ಬಿಡೋ ಹಾಗಿಲ್ಲ."

ಚಿಕ್ಕವನಾಗಿದ್ದಾಗ ಅಣ್ಣನೂ ಅಪ್ಪನ ಬಸ್ಸಿನಲ್ಲಿ ಓಡಾಡಿದವನೇ, ಆ ನಿಯಮ ಅವನಿಗೂ ಗೊತ್ತು. ಕತ್ತರಿ ಅಪ್ಪನ ತೋಳನ್ನು ಹಿಡಿದುಕೊಂಡಿದ್ದಳು.

"ಆಗಲಿ ಅಪ್ಪ" ಎಂದ ಅಣ್ಣ. "ಬಸ್ ಬಿಡಬೇಡಿ."