ಧರ್ಮಪ್ಪ ತಕ್ಕಡಿ ಆರಿಸಿದ್ದು

ಶಿವಮೊಗ್ಗದ ಗಾಂಧಿ ಬಜಾರಿನಲ್ಲಿ ಧರ್ಮಪ್ಪನ ಕೈಗೆ ಒಂದು ಕಾಲದಲ್ಲಿ ಎಂಥ ಹೆಸರಿತ್ತು ಅಂದರೆ, ಗ್ರಂಧಿಗೆ ಅಂಗಡಿಯಲ್ಲಿ ಇನ್ನಿಬ್ಬರು ಕೈಕಟ್ಟಿ ನಿಂತಿದ್ದರೂ ಹೆಂಗಸರು "ಧರ್ಮಪ್ಪನೋರೇ ಕಟ್ಟಿಕೊಡ್ಲಿ" ಎಂದು ಕಾಯುತ್ತಿದ್ದರು. ಬಾಣಂತಿ ಲೇಹ್ಯದ ಸಾಮಾನು, ಪಚ್ಚಕರ್ಪೂರ, ಕೇಸರಿ, ಜಾಕಾಯಿ ಏನೇ ಇರಲಿ, ಪುಟ್ಟ ತಕ್ಕಡಿ ಎತ್ತಿ ಹಿಡಿದರೆ ಮುಳ್ಳು ನೆಟ್ಟಗೆ ನಿಲ್ಲುವ ತನಕ ಅವನು ಉಸಿರು ಬಿಡುತ್ತಿರಲಿಲ್ಲ. ತೂಕ ಮುಗಿದ ಮೇಲೆ ಎರಡು ಬೆರಳಲ್ಲಿ ಒಂದು ಚಿಟಿಕೆ ಕೊಸರು. ಕೊಸರು ಹಾಕದ ಅಂಗಡಿಯವನನ್ನು ಆ ಬಜಾರಿನಲ್ಲಿ ಯಾರೂ ಮನುಷ್ಯ ಅಂತ ಲೆಕ್ಕಕ್ಕೇ ಇಡುತ್ತಿರಲಿಲ್ಲ ಬಿಡಿ.

ಮೂವತ್ತು ವರ್ಷ ಹೀಗೇ ನಡೆಯಿತು. ಆಮೇಲೆ ಯಜಮಾನರು ತೀರಿಕೊಂಡು ಅಂಗಡಿ ಮುಚ್ಚಿತು. ಐವತ್ತೆಂಟರ ವಯಸ್ಸಿನಲ್ಲಿ ಧರ್ಮಪ್ಪ ಗೋಪಾಳ ಬಡಾವಣೆಯ ಮನೆಯಲ್ಲಿ ಪೇಪರ್ ಓದುತ್ತಾ, ಹೆಂಡತಿ ದಾಕ್ಷಾಯಣಮ್ಮನ ಅಡುಗೆಮನೆಗೆ ಹೋಗಿ ಸಾಸಿವೆ ಡಬ್ಬಿ, ಜೀರಿಗೆ ಡಬ್ಬಿ ಸರಿಮಾಡುತ್ತಾ ಕೂತ. ಆಕೆಗೆ ತಲೆ ಚಿಟ್ಟು ಹಿಡಿಯಿತು. ಅಷ್ಟರಲ್ಲಿ ಕೋವಿ ಅಂಗಡಿಯ ಶಿವಪ್ರಸಾದ್ ತಾನಾಗಿಯೇ ಹೇಳಿ ಕಳಿಸಿದ. ಅವನದು ಸರ್ಕಾರದ ಲೈಸೆನ್ಸ್ ಪಡೆದ ಅಂಗಡಿ. ಬೆಳೆ ಕಾಯಲು ಕೋವಿ ಇಟ್ಟುಕೊಂಡ ರೈತರು ಸುಟ್ಟು ಖಾಲಿಯಾದ ತೋಟೆಗಳನ್ನು ತಂದು ಕೊಡುತ್ತಿದ್ದರು. ಅವಕ್ಕೆ ಮತ್ತೆ ಮದ್ದು ತೂಗಿ ತುಂಬಿ ಕೊಡುವುದಕ್ಕೆ ಕೈ ನಡುಗದವನೊಬ್ಬ ಬೇಕಿತ್ತು.

"ಔಷಧಿ ಸಾಮಾನು ತೂಗಿದ ಕೈ, ಇದನ್ನ ತೂಗೋಕಾಗಲ್ವ?" ಅಂದ ಶಿವಪ್ರಸಾದ್. ಆಗುತ್ತೆ ಅಂದ ಧರ್ಮಪ್ಪ. ಒಂದು ವರ್ಷ ತುಂಬುವುದರೊಳಗೆ "ಧರ್ಮಪ್ಪ ತುಂಬಿದ ತೋಟೆ ಗಟ್ಟಿ ಕಣ್ರೀ" ಎಂಬ ಮಾತು ಸುತ್ತಲ ಹಳ್ಳಿಗಳಲ್ಲಿ ಹಬ್ಬಿತು. ಗಟ್ಟಿ ಅಂದರೆ ಏನು ಅಂತ ಯಾರೂ ಕೇಳಲಿಲ್ಲ. ಹೊಗಳಿಕೆಯನ್ನು ಕೆದಕಿ ನೋಡುವ ಬುದ್ಧಿ ಯಾರಿಗಿದೆ?

ಎರಡು ಸಾವಿರದ ಮೂರನೇ ಇಸವಿ, ದಸರೆ ಕಳೆದ ವಾರ, ಭದ್ರಾವತಿ ಜನ್ನಾಪುರದ ಜಯಪ್ಪ ಅಂಗಡಿಗೆ ನುಗ್ಗಿದವನೇ ಅಂಗಿಯ ಗುಂಡಿ ಬಿಚ್ಚಿ ಬಲಭುಜ ತೋರಿಸಿದ. ನೇರಳೆ ಹಣ್ಣಿನ ಬಣ್ಣಕ್ಕೆ ತಿರುಗಿತ್ತು. ಕಾರ್ಖಾನೆಯಲ್ಲಿ ಕ್ರೇನ್ ಓಡಿಸುತ್ತಿದ್ದು ಸ್ವಯಂನಿವೃತ್ತಿ ತಗೊಂಡು, ಊರಾಚೆಯ ಎರಡೆಕರೆಯಲ್ಲಿ ಮೆಕ್ಕೆಜೋಳ ಹಾಕಿದ್ದ ಮನುಷ್ಯ. ಗ್ರಂಧಿಗೆ ಅಂಗಡಿಯ ಕಾಲದಿಂದಲೂ ಧರ್ಮಪ್ಪನ ಗಿರಾಕಿ, ಅದಕ್ಕಿಂತ ಹೆಚ್ಚಾಗಿ ಗೆಳೆಯ.

"ಏನಯ್ಯಾ ತುಂಬಿದ್ದಿ ಇದ್ರಲ್ಲಿ? ಈಡು ಹೊಡೆದ್ರೆ ಹಂದಿ ನಿಂತೇ ಇತ್ತು, ನಾನು ಬಿದ್ದೆ ಮಾರಾಯ! ಕೋವಿ ಹಿಡಿ ಬೇರೆ ಸೀಳಿದೆ ನೋಡು."

ಕೋವಿಯೇ ಹಳೇದು ಸ್ವಾಮಿ ಅಂತ ಶಿವಪ್ರಸಾದ್ ಅವನನ್ನು ಸಮಾಧಾನ ಮಾಡಿದ. ಆದರೆ ಜಯಪ್ಪನ ಮನೆಯಲ್ಲಿ ಅದೇ ಡಬ್ಬಿಯ ಇನ್ನೂ ಆರು ತೋಟೆ ಉಳಿದಿದ್ದವು. ಮುಂದಿನ ಈಡಿಗೆ ಕೋವಿಯೇ ಸಿಡಿದು ಕಣ್ಣು ಹೋದರೆ? ಧರ್ಮಪ್ಪ ಜಯಪ್ಪನ ಕೈ ಹಿಡಿದುಕೊಂಡ.

"ಅವನ್ನ ಹೊಡಿಬೇಡ ಕಣೋ. ಏನು ಎತ್ತ ಅಂತ ನೋಡಿ ಹೇಳ್ತೀನಿ."

"ಹಂದಿಗೆ ಹಾಗಂತ ಹೇಳಿ ಬರ್ತೀಯಾ ನೀನು? ಹಿಡಿ ರಿಪೇರಿಗೆ ಬಡಗಿ ಹತ್ರ ಕೊಡ್ತೀನಿ. ಭಾನುವಾರ ಸಂಜೆ ತನಕ ಕಾಯ್ತೀನಿ. ಆಮೇಲೆ ಹೊಲಕ್ಕೆ ಹೋಗೋನೇ."

ಜಯಪ್ಪ ಅತ್ತ ಹೋಗುತ್ತಲೂ ಶಿವಪ್ರಸಾದ್ ದನಿ ತಗ್ಗಿಸಿದ. "ಧರ್ಮಪ್ನೋರೇ, ನಂಗೆ ಈ ಹಳೇ ತಕ್ಕಡಿ ಮೇಲೇ ಅನುಮಾನ. ಮುಳ್ಳು ಸವೆದಿರಬೇಕು. ಒಂದು ಒಳ್ಳೇ ಡಿಜಿಟಲ್ ತಗೊಳ್ಳೋಣ. ಯಾವುದು ಅಂತ ನೀವೇ ಆರಿಸಿ. ಅಲ್ಲೀ ತನಕ ಒಂದು ತೋಟೇನೂ ತುಂಬೋದು ಬೇಡ."

ಧರ್ಮಪ್ಪನಿಗೆ ಒಳಗೊಳಗೇ ನೆಮ್ಮದಿಯಾಯಿತು. ತಪ್ಪು ತಕ್ಕಡಿಯದು. ತನ್ನ ಕೈಯದಂತೂ ಅಲ್ಲ.

ಶುಕ್ರವಾರ ಬಜಾರಿನ ಸ್ಕೇಲ್ ಅಂಗಡಿಯಿಂದ ಎರಡು ಡಿಜಿಟಲ್ ತಕ್ಕಡಿಗಳನ್ನು ನೋಡಿ ವಾಪಸ್ ಕೊಡುತ್ತೇನೆಂದು ಮನೆಗೆ ತಂದ. ಒಂದು ಚಿನ್ನದಂಗಡಿಯವರು ಇಡುವಂಥದ್ದು, ಫಳಫಳ ಹೊಳೆಯುವ ಪುಟ್ಟ ತಟ್ಟೆ. ಇನ್ನೊಂದು ಕ್ಯಾಸೆಟ್ ಡಬ್ಬಿಯಷ್ಟೇ ಇದ್ದ ಚೀನಾ ಮಾಲು. ದೇವರ ಮುಂದಿನ ಮಣೆಯ ಮೇಲಿಟ್ಟು ಒಂದು ರೂಪಾಯಿ ನಾಣ್ಯ ತೂಗಿದ. ಹೊಳೆಯುವ ತಕ್ಕಡಿಯಲ್ಲಿ ಕೊನೆಯ ಅಂಕಿ ನಿಲ್ಲಲೇ ಇಲ್ಲ. ಮೂರು, ಐದು, ನಾಲ್ಕು, ಮತ್ತೆ ಮೂರು. ಇವನು ಉಸಿರು ಬಿಗಿಹಿಡಿದ. ಅದು ಏಳಕ್ಕೆ ಹೋಯಿತು.

"ಫ್ಯಾನ್ ಆರಿಸೇ!"

"ಸೆಕೆಗೆ ಸಾಯ್ಬೇಕಾ ನಿಮ್ಮ ಒಂದ್ರೂಪಾಯಿಗೆ?" ಅಂದರೂ ದಾಕ್ಷಾಯಣಮ್ಮ ಫ್ಯಾನ್ ಆರಿಸಿದಳು. ಅಂಕಿ ನಿಂತಿತು. ಆದರೆ ನಾಣ್ಯ ತೆಗೆದ ಮೇಲೂ ಸೊನ್ನೆಗೆ ಬರದೆ ಒಂದರಲ್ಲೇ ಕೂತಿತು. ಏನೂ ಇಲ್ಲದ ತಟ್ಟೆಯಲ್ಲಿ ಆ ಒಂದು ಯಾವುದರದ್ದು? ಧರ್ಮಪ್ಪ ತಟ್ಟೆ ಒರೆಸಿದ, ಊದಿದ, ಬೆಳಕಿಗೆ ಹಿಡಿದು ನೋಡಿದ. ಚೀನಾದ್ದರ ಕಥೆ ಇನ್ನೊಂದು. ಅದರ ಬದಿಯ ಗುಂಡಿ ಒತ್ತಿದ್ದೇ ತಡ, ಐದರ ಹತ್ತಿರ ಇದ್ದ ನಾಣ್ಯ ಎಪ್ಪತ್ತೈದಕ್ಕೆ ಹಾರಿತು. ಮತ್ತೆ ಒತ್ತಿದರೆ ಸೊನ್ನೆ ಪಾಯಿಂಟ್ ಏನೋ ಒಂದು. ಅಷ್ಟರಲ್ಲಿ ತಾನಾಗೇ ಆರಿಹೋಯಿತು.

"ಮುಳ್ಳಿನ ತಕ್ಕಡಿಗೆ ಒಂದೇ ನಾಲಿಗೆ ಕಣೇ. ಇದಕ್ಕೆ ಎಷ್ಟಿವೆಯೋ ಗೊತ್ತಾಗ್ತಿಲ್ಲ" ಎಂದು ತಲೆ ಹಿಡಿದುಕೊಂಡ. ಶನಿವಾರವಿಡೀ ಅವನ ತಲೆ ಗೊಜ್ಜಾಗಿತ್ತು. ಊಟಕ್ಕೆ ಕೂತರೆ ಅನ್ನ ಎಷ್ಟು ಗ್ರಾಂ ಇದ್ದೀತು ಅನ್ನಿಸುತ್ತಿತ್ತು.

ಕೊನೆಗೆ ದಾಕ್ಷಾಯಣಮ್ಮನೇ ದಾರಿ ಹೇಳಿದಳು. "ಭದ್ರಾವತೀಲಿ ನಿಮ್ಮ ಅಕ್ಕನ ಮಗ ಯೋಗೇಶ ತಕ್ಕಡಿ ರಿಪೇರಿ ಮಾಡ್ಕೊಂಡೇ ಇದ್ದಾನಲ್ರೀ? ಅಂಗೈಲಿ ಬೆಣ್ಣೆ ಇಟ್ಕೊಂಡು ತುಪ್ಪಕ್ಕೆ ಊರೆಲ್ಲಾ ಅಲೆದ್ರಂತೆ."

ಭಾನುವಾರ ಮಧ್ಯಾಹ್ನ ಧರ್ಮಪ್ಪ ಎರಡೂ ತಕ್ಕಡಿಗಳನ್ನು ಚೀಲಕ್ಕೆ ಹಾಕಿಕೊಂಡು ಭದ್ರಾವತಿ ಬಸ್ಸು ಹತ್ತಿದ. ಯೋಗೇಶ ಮಾವನಿಗಾಗಿ ರಜೆಯ ದಿನವೂ ಬಾಗಿಲು ತೆರೆದ. ಸರ್ಕಾರಿ ಮುದ್ರೆಯ ಹಿತ್ತಾಳೆ ಬಟ್ಟುಗಳ ಪೆಟ್ಟಿಗೆ ತೆಗೆದು ಎರಡರ ಮೇಲೂ ಇಟ್ಟು ನೋಡಿದ. ಚೀನಾದ ಗುಂಡಿ ಬೇರೆ ಬೇರೆ ದೇಶದ ಅಳತೆ ತೋರಿಸುತ್ತೆ, ಅದರಲ್ಲಿ ಹೆದರುವಂಥದ್ದಿಲ್ಲ ಅಂತ ವಿವರಿಸಿದ. ಹೊಳೆಯುವ ತಕ್ಕಡಿಯನ್ನು ಸಮ ಮಾಡಿ ಸೊನ್ನೆಗೆ ತಂದ. ಆಮೇಲೆ ತನ್ನ ಅಂಗಡಿಯದೇ ಇನ್ನೊಂದನ್ನು ಎದುರಿಗಿಟ್ಟ. ದಪ್ಪ ಮೈ, ಬೂದು ಬಣ್ಣ, ಎರಡು ಕಿವಿಗಳಿದ್ದ ಅಗಲ ತಟ್ಟೆ.

"ಇದು ಬೇಡಪ್ಪ. ತಟ್ಟೆ ಎತ್ತೋಕೆ ಎರಡು ಕೈಯೂ ಬೇಕು. ಕೆಲಸ ಓಡಲ್ಲ" ಅಂದ ಧರ್ಮಪ್ಪ.

"ಆಯ್ತು, ಹೊಳಿಯೋದ್ರಲ್ಲೇ ನೋಡೋಣ. ಮಾವ, ಇಲ್ಲಿ ಮದ್ದು ಗಿದ್ದು ಬೇಡ. ಗಸಗಸೆ ಇದೆ. ನೀವು ಅಂಗಡೀಲಿ ಹೇಗೆ ತೂಗಿ ತುಂಬ್ತೀರೋ ಹಾಗೇ ಒಂದೇ ತೂಕದ ಹತ್ತು ಪೊಟ್ಟಣ ಕಟ್ಟಿ."

ಧರ್ಮಪ್ಪ ಕೂತ. ಬಟ್ಟಲಿನಿಂದ ಗಸಗಸೆ ತಟ್ಟೆಗೆ, ಅಂಕಿ ಬಂತು, ನಿಂತಿತು, ತಟ್ಟೆ ಎತ್ತಿ ಕಾಗದಕ್ಕೆ. ಹತ್ತೂ ಪೊಟ್ಟಣ ಸಾಲಾಗಿ ಜೋಡಿಸಿಟ್ಟ. ಯೋಗೇಶ ಒಂದೊಂದನ್ನೇ ಬಿಚ್ಚಿ ಬೂದು ತಕ್ಕಡಿಯ ಮೇಲೆ ತೂಗಿದ. ಹತ್ತೂ ಹೆಚ್ಚು ಬಂದವು.

"ನೋಡಿದ್ಯಾ? ಈ ಹೊಳಿಯೋದೂ ಸುಳ್ಳು ಹೇಳುತ್ತೆ!" ಧರ್ಮಪ್ಪನಿಗೆ ಸಿಟ್ಟೂ ಬಂತು, ಅಳುವೂ ಬಂತು. ಹಳೇದು ಕೆಟ್ಟಿದೆ, ಹೊಸದೂ ಕೆಟ್ಟಿದೆ ಅಂದರೆ ಮನುಷ್ಯ ಯಾವುದನ್ನು ನಂಬಬೇಕು?

ಯೋಗೇಶ ಅದೇ ಹತ್ತನ್ನು ಹೊಳೆಯುವ ತಕ್ಕಡಿಯ ಮೇಲೂ ತೂಗಿದ. ಅಲ್ಲೂ ಅಷ್ಟೇ ಹೆಚ್ಚು. "ತಕ್ಕಡಿ ಕೆಟ್ಟಿದ್ರೆ ಒಂದರ ಮಾತು ಇನ್ನೊಂದಕ್ಕೆ ಹೊಂದಬಾರದಿತ್ತು ಮಾವ. ಎರಡೂ ಒಂದೇ ಹೇಳ್ತಿವೆ. ಅದೂ ಹತ್ತರಲ್ಲೂ ಕೂದಲೆಳೆ ವ್ಯತ್ಯಾಸ ಇಲ್ದೆ ಒಂದೇ ಸಮ ಹೆಚ್ಚು. ಇನ್ನೊಂದು ಕಟ್ಟಿ. ನಿಧಾನಕ್ಕೆ."

ಧರ್ಮಪ್ಪ ಹನ್ನೊಂದನೆಯದನ್ನು ತೂಗಿದ. ಅಂಕಿ ನಿಂತಿತು. ಎಡಗೈಯಲ್ಲಿ ತಟ್ಟೆ ಎತ್ತಿ ಕಾಗದಕ್ಕೆ ಸುರಿದ. ಯೋಗೇಶ ತಟ್ಟನೆ ಅವನ ಬಲ ಮುಂಗೈ ಹಿಡಿದುಕೊಂಡ.

"ಇದೇನು ಮಾವ?"

"ಯಾವುದು?"

"ನೋಡ್ಕೊಳ್ಳಿ."

ಧರ್ಮಪ್ಪ ತನ್ನ ಕೈಯನ್ನು ನೋಡಿದ. ಹೆಬ್ಬೆರಳಿಗೂ ತೋರುಬೆರಳಿಗೂ ನಡುವೆ ಒಂದು ಚಿಟಿಕೆ ಗಸಗಸೆ. ಆ ಕೈ ಬಟ್ಟಲಿಗೆ ಯಾವಾಗ ಹೋಗಿತ್ತು, ಯಾವಾಗ ಬಂತು, ದೇವರಾಣೆಗೂ ಅವನಿಗೆ ತಿಳಿದಿರಲಿಲ್ಲ.

ಕೊಸರು!

ಮೂವತ್ತು ವರ್ಷ ಹೆಂಗಸರಿಂದ ಭೇಷ್ ಅನ್ನಿಸಿಕೊಂಡ ಕೈ, ಮದ್ದಿಗೂ ಅದೇ ಮರ್ಯಾದೆ ಮಾಡಿತ್ತು. ಗಟ್ಟಿ ತೋಟೆ ಅಂತ ಹಳ್ಳಿಯವರು ಹೊಗಳಿದ್ದು ಇದನ್ನೇ. ಧರ್ಮಪ್ಪನಿಗೆ ನಾಚಿಕೆಯಿಂದ ಮೈ ಬಿಸಿಯಾಯಿತು. ಮರುಕ್ಷಣ ಗಡಿಯಾರ ನೋಡಿದ, ಮೈ ತಣ್ಣಗಾಯಿತು. ಐದೂವರೆ.

"ಯೋಗೇಶ, ಗಾಡಿ ತೆಗಿಯೋ. ಜನ್ನಾಪುರಕ್ಕೆ!"

ಅವರು ಹೋದಾಗ ಜಯಪ್ಪ ರಿಪೇರಿಯಾದ ಕೋವಿಯನ್ನು ಹೆಗಲಿಗೇರಿಸಿ ಬಾಗಿಲಲ್ಲಿ ಚಪ್ಪಲಿ ಮೆಟ್ಟುತ್ತಿದ್ದ. ಅಂಗಿ ಜೇಬು ಉಬ್ಬಿತ್ತು.

"ಜೇಬಲ್ಲಿರೋದು ತೆಗಿ. ಆರೂ ಕೊಡು" ಅಂದ ಧರ್ಮಪ್ಪ ಏದುಸಿರು ಬಿಡುತ್ತಾ.

"ಯಾಕೆ? ತಕ್ಕಡಿ ಕೆಟ್ಟಿತ್ತಾ?"

ಹೂಂ ಅಂದಿದ್ದರೆ ಮುಗಿದುಹೋಗುತ್ತಿತ್ತು. ಶಿವಪ್ರಸಾದನೂ ಹಾಗೇ ನಂಬಿದ್ದ, ಹಳೇ ತಕ್ಕಡಿಗೆ ಬಾಯಿಯೂ ಇರಲಿಲ್ಲ. ಧರ್ಮಪ್ಪನ ನಾಲಿಗೆಯ ತುದಿಗೆ ಆ ಹೂಂ ಬಂದೂ ಬಂತು. ಆದರೆ ಜಯಪ್ಪನ ಅಂಗಿಯ ಕೊರಳಿನಿಂದ ಆ ನೇರಳೆ ಬಣ್ಣ ಇಣುಕುತ್ತಿತ್ತು.

"ಇಲ್ಲ ಕಣೋ. ತಕ್ಕಡಿ ಸರಿಯಾಗೇ ಇದೆ. ನಾನೇ ಹಾಕಿದ್ದು. ತೂಗಿದ ಮೇಲೆ ಕೊಸರು ಹಾಕಿದ್ದೀನಿ. ಎಲ್ಲದಕ್ಕೂ."

ಜಯಪ್ಪ ಜೇಬಿಗೆ ಕೈಹಾಕಿ ತೋಟೆಗಳನ್ನು ಒಂದೊಂದಾಗಿ ತೆಗೆದು ಗೆಳೆಯನ ಅಂಗೈಯಲ್ಲಿಟ್ಟ.

"ನನ್ನ ಹೆಂಡ್ತಿ ಬಾಣಂತನಕ್ಕೆ ನೀನು ಕಟ್ಟಿಕೊಟ್ಟ ಸಾಮಾನಿಗೆ ಎರಡು ಸಲ ಕೊಸರು ಹಾಕಿದ್ದಿ. ನೆನಪಿದ್ಯಾ? ಅವತ್ತು ನಾನೇ ಕೇಳಿ ಹಾಕಿಸ್ಕೊಂಡಿದ್ದೆ" ಅಂದ. ಒಂದು ಬೈಗುಳ ಬಂದಿದ್ದರೆ ಧರ್ಮಪ್ಪ ತಡೆದುಕೊಳ್ಳುತ್ತಿದ್ದ. ಈ ಮಾತಿಗೆ ಅವನ ಕಣ್ಣು ತುಂಬಿಬಂತು.

ಸೋಮವಾರ ಶಿವಪ್ರಸಾದನಿಗೆ ಎಲ್ಲವನ್ನೂ ಹೇಳಿದ. ಕೆಲಸ ಹೋಗುತ್ತದೆ ಅಂತಲೇ ಬುತ್ತಿ ಒಯ್ದಿರಲಿಲ್ಲ. ಶಿವಪ್ರಸಾದ್ ಕೂಗಾಡಿದ, ನೀರು ಕುಡಿದ, ಆಮೇಲೆ ರಿಜಿಸ್ಟರ್ ತೆಗೆದು ಮುಂದಿಟ್ಟ. ತೋಟೆ ಒಯ್ದವರು ಇನ್ನೂ ಹನ್ನೊಂದು ಮಂದಿ ಇದ್ದರು. ಫೋನ್ ಇದ್ದವರಿಗೆ ಫೋನ್, ಇಲ್ಲದವರ ಊರಿಗೆ ಧರ್ಮಪ್ಪನೇ ಬಸ್ಸಿನಲ್ಲಿ ಹೋಗಿ ಒಂದೂ ಬಿಡದೆ ವಾಪಸ್ ತಂದ. ಗಟ್ಟಿ ತೋಟೆ ಬಿಟ್ಟುಕೊಡಲು ಇಬ್ಬರು ಜಗಳಕ್ಕೇ ನಿಂತರು.

ತಕ್ಕಡಿ ಆರಿಸುವುದು ಬಾಕಿ ಇತ್ತಲ್ಲ. ಧರ್ಮಪ್ಪ ಬೂದು ಬಣ್ಣದ್ದನ್ನೇ ತರಿಸಿದ.

"ಇದೇ ಯಾಕೆ? ಚಂದದ್ದು ಬಿಟ್ಟು?" ಅಂದ ಶಿವಪ್ರಸಾದ್.

ಧರ್ಮಪ್ಪ ಅಗಲ ತಟ್ಟೆಯ ಕಿವಿಗಳನ್ನು ಎರಡೂ ಕೈಯಲ್ಲಿ ಹಿಡಿದು ಎತ್ತಿ ತೋರಿಸಿದ. "ಹೀಗೆ ಹಿಡಿದ್ರೆ ಕೊಸರಿಗೆ ಕೈ ಉಳಿಯಲ್ಲ."

ಹದಿನೈದು ದಿನ ಕಳೆದು ಜಯಪ್ಪ ತನ್ನ ಆರು ತೋಟೆಗಳಿಗಾಗಿ ಬಂದ. ಬೇರೆ ಯಾರ ಹತ್ತಿರವಾದರೂ ಹೋಗುತ್ತಾನೆ ಅಂದುಕೊಂಡಿದ್ದ ಧರ್ಮಪ್ಪ ಅವನನ್ನು ನೋಡಿ ಒಂದು ಗಳಿಗೆ ಎದ್ದೇ ನಿಂತುಬಿಟ್ಟ. ಆರನ್ನೂ ಅವನ ಎದುರೇ ತೂಗಿ, ಎರಡೂ ಕೈಯಲ್ಲಿ ತಟ್ಟೆ ಎತ್ತಿ ತುಂಬಿ ಕೊಟ್ಟ. ಜಯಪ್ಪ ತೋಟೆಗಳನ್ನು ಎಣಿಸಿ ಚೀಲಕ್ಕೆ ಹಾಕಿಕೊಂಡ. ಆದರೂ ಕದಲಲಿಲ್ಲ.

"ಇನ್ನೇನು?" ಅಂದ ಧರ್ಮಪ್ಪ.

"ನನ್ನ ಕೊಸರು?"

ಧರ್ಮಪ್ಪ ಕೈ ತೊಳೆದುಕೊಂಡು ಬಂದ. ಮೇಜಿನ ಖಾನೆ ಎಳೆದು, ಮಧ್ಯಾಹ್ನದ ಊಟವಾದ ಮೇಲೆ ಬಾಯಿಗೆ ಹಾಕಿಕೊಳ್ಳಲು ಇಟ್ಟಿದ್ದ ಕಲ್ಲುಸಕ್ಕರೆಯ ಡಬ್ಬಿ ಬಿಚ್ಚಿ, ಎರಡು ಬೆರಳಲ್ಲಿ ಒಂದು ಚಿಟಿಕೆ ತೆಗೆದು ಜಯಪ್ಪನ ಅಂಗೈಗೆ ಹಾಕಿದ.