ನೀರಿನಲ್ಲಿ ಕಾರು ಓಡಿಸಲು ಹೊರಟವರು

ಹೋದ ವಾರ ಅಡುಗೆಮನೆಯ ಸಿಂಕು ಕಟ್ಟಿಕೊಂಡಿತ್ತು. ಸರಿಮಾಡಲು ಬಂದವನು ಪೊಟ್ಟಣವೊಂದನ್ನು ಬಿಚ್ಚಿ ಬಿಳಿ ಚಕ್ಕೆಗಳನ್ನು ತೂತಿಗೆ ಸುರಿದು ಮೇಲೆ ನೀರು ಬಿಟ್ಟ. ಬುರಬುರ ಸದ್ದು, ಬಿಸಿ ಆವಿ, ಗಂಟಲಿಗೆ ಹಿಡಿಯುವ ಆ ಘಾಟು... ನಾನು ಎದ್ದು ಹೊರಗೆ ಬಂದುಬಿಟ್ಟೆ. ಏನಾಯಿತೆಂದು ಸೊಸೆ ಕೇಳಿದಳು. ಕಾಸ್ಟಿಕ್ ಸೋಡಾ ಎಂದೆ. ಅದಕ್ಕಿಂತ ಹೆಚ್ಚು ಹೇಳಲು ಆಗಲಿಲ್ಲ.

ಎಪ್ಪತ್ತರ ದಶಕದಲ್ಲಿ ನಾವು ಮದ್ದೂರಿನಲ್ಲಿದ್ದೆವು. ನಮ್ಮ ಎದುರುಮನೆಯವರು ಒಂದು ಹಳೆಯ ಬಾಡಿಗೆ ಕಾರು ಇಟ್ಟುಕೊಂಡಿದ್ದರು. ಬೀದಿಯವರೆಲ್ಲ ಅವರನ್ನು ಕಾರಿನಣ್ಣ ಎನ್ನುತ್ತಿದ್ದರು, ನಾನೂ ಹಾಗೆಯೇ ಕರೆಯುತ್ತಿದ್ದೆ. ನನಗೆ ಆಗಷ್ಟೇ ಮಳವಳ್ಳಿಯ ಹೈಸ್ಕೂಲಿನಲ್ಲಿ ವಿಜ್ಞಾನದ ಟೀಚರ್ ಕೆಲಸ ಸಿಕ್ಕಿತ್ತು. ನನ್ನನ್ನೂ, ಮಳವಳ್ಳಿಯ ಕಚೇರಿಗಳಿಗೆ ಹೋಗುವ ಗುಮಾಸ್ತರನ್ನೂ ಅವರು ಬೆಳಿಗ್ಗೆ ಕರೆದುಕೊಂಡು ಹೋಗಿ ಸಂಜೆ ಕರೆತರುತ್ತಿದ್ದರು. ಹೆಂಗಸು ಅಂತ ನಾನೊಬ್ಬಳೇ ಇದ್ದದ್ದರಿಂದ ಮುಂದಿನ ಸೀಟು ನನಗೆ.

ಅವರ ಹೆಂಡತಿ ಬೆಸಗರಹಳ್ಳಿಯ ಕಡೆಯವರು. ದೊಡ್ಡ ಗಂಟಲು, ದೊಡ್ಡ ನಗು. ಬೀದಿಯ ಅರ್ಧ ಹೆಂಗಸರ ರವಿಕೆ ಅವರ ಹೊಲಿಗೆ ಮೆಷಿನ್ನಿನಿಂದಲೇ ಹೊರಬರುತ್ತಿತ್ತು. ನಾನು ಅವರನ್ನು ಅಕ್ಕ ಎನ್ನುತ್ತಿದ್ದೆ. ಮಕ್ಕಳಿರಲಿಲ್ಲ. "ಅವ್ರಿಗೆ ಮಗು ಅಂದ್ರೆ ಆ ಕಾರೇ ಕಣಮ್ಮ. ಮಖ ತೊಳ್ಯಾಕ್ ಮುಂಚೆ ಅದ್ನ ಒರಸ್ತಾರೆ," ಎಂದು ಅಕ್ಕ ನಗುತ್ತಿದ್ದರು.

ಆಮೇಲೆ ಪೆಟ್ರೋಲಿನ ಬೆಲೆ ಏರಿತು. ನೋಡುನೋಡುತ್ತಲೇ ಮತ್ತೆ ಏರಿತು. ಗುಮಾಸ್ತರು ಒಬ್ಬೊಬ್ಬರಾಗಿ ಬಸ್ಸಿಗೆ ಹೋದರು. ಕೊನೆಗೆ ಉಳಿದದ್ದು ನಾನು ಮತ್ತು ಕಾಲು ಸರಿಯಿಲ್ಲದ ಒಬ್ಬ ವಯಸ್ಸಾದ ಗುಮಾಸ್ತರು. ಮದುವೆಗೆ ಕಾರು ಕೇಳುವವರೂ ಕಡಿಮೆಯಾದರು. ಕಾರಿನಣ್ಣ ಮಾತು ಕಡಿಮೆ ಮಾಡಿದರು. ಪೆಟ್ರೋಲ್ ಮುಳ್ಳನ್ನು ಜ್ವರದವರ ನಾಡಿ ನೋಡಿದಂತೆ ಮತ್ತೆ ಮತ್ತೆ ನೋಡುತ್ತಿದ್ದರು.

ಅಕ್ಕನ ತಮ್ಮ ಮಳವಳ್ಳಿಯಾಚೆ ಜಲಪಾತದ ಬಳಿ ಇರುವ ಬ್ಲಫ್‌ನ ವಿದ್ಯುತ್ ಕೇಂದ್ರದಲ್ಲಿ ಕೆಲಸಕ್ಕಿದ್ದ. ಊಟಕ್ಕೆ ಬಂದಾಗ ಅವನು ಸುಮ್ಮನೆ ಏನೋ ಹೇಳಿದನಂತೆ: ಕರೆಂಟು ಹಾಯಿಸಿದರೆ ನೀರು ಒಡೆದು ಎರಡು ಗಾಳಿಯಾಗುತ್ತದೆ, ಅದರಲ್ಲೊಂದು ಭಗ್ಗನೆ ಉರಿಯುತ್ತದೆ ಎಂದು. ಅವನಿಗೆ ಅದು ಊಟದ ನಡುವಿನ ಮಾತು. ಕಾರಿನಣ್ಣನಿಗೆ ಅದು ಮನಸ್ಸಿನಿಂದ ಇಳಿಯಲೇ ಇಲ್ಲ.

ನೀರಿನಲ್ಲಿ ಕರೆಂಟು ಚೆನ್ನಾಗಿ ಹರಿಯಲೆಂದು ಮಂಡ್ಯದಲ್ಲಿ ಸಾಬೂನು ಮಾಡುವವರಿಂದ ಕಾಸ್ಟಿಕ್ ಸೋಡಾ ತಂದರು. ಅಕ್ಕನ ತವರಿನ ಸ್ಟೀಲ್ ತಟ್ಟೆಯನ್ನು ಕತ್ತರಿಸಿ ಪಟ್ಟಿ ಮಾಡಿದರು. ಉಪ್ಪಿನಕಾಯಿಯ ಗಾಜಿನ ಜಾಡಿಯಲ್ಲಿ ಆ ಕಾಸ್ಟಿಕ್ ಬೆರೆಸಿದ ನೀರು ತುಂಬಿ, ಪಟ್ಟಿಗಳನ್ನು ಇಳಿಬಿಟ್ಟು, ಬ್ಯಾಟರಿಯಿಂದ ತಂತಿ ಎಳೆದರು. ಮುಚ್ಚಳದಿಂದ ಹೊರಟ ರಬ್ಬರ್ ಕೊಳವೆ ಪೆಟ್ರೋಲು ಗಾಳಿ ಬೆರೆಯುವ ಕಾರ್ಬ್ಯುರೇಟರಿಗೆ ಸೇರಿತು. ಮೊದಲು ಜಾಡಿಯನ್ನು ಬಾನೆಟ್ಟಿನ ಕೆಳಗೆ ಇಟ್ಟಿದ್ದರು. ಎಂಜಿನ್ನಿನ ಕಾವಿಗೆ ಗಾಜು ಸೀಳಿತು. ಆಮೇಲೆ ದಪ್ಪ ಜಾಡಿ ತಂದು ಮುಂದಿನ ಸೀಟಿನ ಕಾಲಬುಡದಲ್ಲಿ ಕಟ್ಟಿದರು. ಅಂದರೆ ನನ್ನ ಕಾಲಬುಡದಲ್ಲಿ.

ಕಾರು ಹೊರಟರೆ ಜಾಡಿಯೊಳಗೆ ಸಣ್ಣ ಗುಳ್ಳೆಗಳು ಹಾಲು ಕಾಯುವಂತೆ ಏಳುತ್ತಿದ್ದವು. ಒಂದು ವಾರದ ಮೇಲೆ ಅವರು ಗೆದ್ದವರ ಮುಖ ಹೊತ್ತು ಬಂದರು. "ಅಮ್ಮೋರೆ, ಪೆಟ್ರೋಲ್ ಕಮ್ಮಿ ಕುಡೀತಾ ಅದೆ. ಚೆನ್ನಾಗೇ ಕಮ್ಮಿ!"

ನಾನು ಸುಮ್ಮನಿರಲಿಲ್ಲ. ಗುಳ್ಳೆ ಎಬ್ಬಿಸುವ ಕರೆಂಟು ಬ್ಯಾಟರಿಯದು, ಬ್ಯಾಟರಿಗೆ ತುಂಬುವುದು ಡೈನಮೊ, ಡೈನಮೊ ತಿರುಗಿಸುವುದು ಎಂಜಿನ್ನು, ಎಂಜಿನ್ನು ಕುಡಿಯುವುದು ಪೆಟ್ರೋಲು. ಪ್ರತಿ ಸಲ ಕೈ ಬದಲಾದಾಗಲೂ ಒಂದಿಷ್ಟು ಸೋರುತ್ತದೆ, ಹಾಕಿದ್ದಕ್ಕಿಂತ ಹೆಚ್ಚು ತಿರುಗಿ ಬರುವುದಿಲ್ಲ ಎಂದೆ. ಆ ಗಾಳಿ ಸಿಡಿಯುತ್ತದೆ, ಜಾಡಿ ತೆಗೆದುಬಿಡಿ ಎಂದೂ ಹೇಳಿದೆ. ಅವರು ಕೋಪಿಸಿಕೊಳ್ಳಲಿಲ್ಲ. "ನೀವೇಳಾದು ಪುಸ್ತಕದಾಗೆ ಸರಿ ಇರಬೋದು. ನನ್ ಕಾರು ಪುಸ್ತಕ ಓದಿಲ್ವಲ್ಲ," ಎಂದರು.

ಆದರೆ ಆ ದಿನಗಳಲ್ಲಿ ಅವರು ಕಾರು ಓಡಿಸುವ ರೀತಿಯೇ ಬೇರೆಯಾಗಿತ್ತು. ಮೊದಲಿನ ವೇಗವಿಲ್ಲ, ಬ್ರೇಕ್ ತುಳಿಯುವುದೇ ಇಲ್ಲ. ಇಳಿಜಾರು ಬಂದರೆ ಮೆಲ್ಲಗೆ ಎಂಜಿನ್ ಆರಿಸಿ ಕಾರನ್ನು ತನ್ನಷ್ಟಕ್ಕೆ ಉರುಳಲು ಬಿಡುತ್ತಿದ್ದರು. ಗುಳ್ಳೆಗಳು ಆಗಲೂ ಏಳುತ್ತಲೇ ಇದ್ದವು...

ಮಳವಳ್ಳಿಯಲ್ಲಿ ಅಕ್ಕನ ತಂಗಿಯ ಮಗುವಿಗೆ ನಾಮಕರಣವಿತ್ತು. ಆವತ್ತು ಬೆಳಿಗ್ಗೆ ಅಕ್ಕನೂ ಹೊಸ ಸೀರೆಯುಟ್ಟು ಹೊರಟರು. "ಹಿಂದ್ಗಡೆ ಕೂತ್ರೆ ನಂಗೆ ವಾಂತಿ ಬತ್ತದೆ ಕಣಮ್ಮ," ಎಂದು ಮುಂದೆ ಕೂತರು. ನಾನು ಹಿಂದೆ ಗುಮಾಸ್ತರ ಪಕ್ಕಕ್ಕೆ ಹೋದೆ.

ಅರ್ಧ ದಾರಿ ಕಳೆದಿತ್ತು. ಎರಡೂ ಕಡೆ ಕಬ್ಬು, ಪಕ್ಕದಲ್ಲಿ ನಾಲೆ. ಒಂದು ಸಣ್ಣ ಏರಿನಲ್ಲಿ ಎಂಜಿನ್ ಕೆಮ್ಮಿ ನಿಂತಿತು. ಕಾರಿನಣ್ಣ ಮತ್ತೆ ಕೀ ತಿರುಗಿಸಿದರು, ಮತ್ತೆ ತಿರುಗಿಸಿದರು. ಅಕ್ಕ ಸೀರೆಯ ನೆರಿಗೆ ಜಾಡಿಗೆ ತಾಗೀತೆಂದು ಬಗ್ಗಿ ಎಳೆದುಕೊಳ್ಳುತ್ತಿದ್ದರು. ಆಗ ಎಂಜಿನ್ ಸಿಡಿದು ಹಿಂದಕ್ಕೆ ಕಿಡಿ ಉಗುಳಿತು. ಆ ಕಿಡಿ ಕೊಳವೆಯಲ್ಲಿ ಜಾಡಿಗೆ ಓಡಿ ಬಂದಿರಬೇಕು. ಕಾರಿನೊಳಗೆ ಢಂ ಎಂದು ಎಂಥ ಸದ್ದಾಯಿತೆಂದರೆ, ಮರುಕ್ಷಣ ಅಕ್ಕ ಕಿರುಚುತ್ತಿದ್ದುದು ನನ್ನ ಕಿವಿಗೆ ಎಲ್ಲೋ ದೂರದಿಂದ ಕೇಳಿದಂತಿತ್ತು.

ಜಾಡಿ ಒಡೆದು ಅದರೊಳಗಿನ ಸುಡುವ ಕಾಸ್ಟಿಕ್ ನೀರೆಲ್ಲ ಅಕ್ಕನ ಮುಖದ ಮೇಲಿತ್ತು. ಕೆನ್ನೆಯಲ್ಲಿ ಗಾಜು. "ನೀರು! ನಾಲೆಗೆ ಇಳಿಸಿ!" ಎಂದು ನಾನು ಕೂಗಿದೆ. ಕಾರಿನಣ್ಣ ಹೆಂಡತಿಯನ್ನು ತಬ್ಬಿ ಎತ್ತಿಕೊಂಡು ನಾಲೆಗೆ ಹಾರಿದರು. ಎದೆಮಟ್ಟದ ನೀರಿನಲ್ಲಿ ನಿಂತು ಬೊಗಸೆ ಬೊಗಸೆಯಾಗಿ ಅವರ ಮುಖಕ್ಕೆ ಎರಚಿದರು. ಅಕ್ಕ ಉರಿ ಉರಿ ಎಂದು ರೆಪ್ಪೆ ಬಿಗಿದು ಒದ್ದಾಡುತ್ತಿದ್ದರು. "ಕಣ್ಣು ಬುಡೇ... ಕಣ್ಣು ಬುಡೇ, ನಿನ್ ದಮ್ಮಯ್ಯ ಅಂತೀನಿ," ಎಂದು ಕಾರಿನಣ್ಣ ಅಳುತ್ತಿದ್ದರು. ನಾನೂ ಇಳಿದು ರೆಪ್ಪೆಗಳನ್ನು ಬೆರಳಿನಿಂದ ಬಿಡಿಸಿ ಹಿಡಿದೆ. ಕಪ್ಪಿರಬೇಕಾದಲ್ಲಿ ಆಗಲೇ ಬೆಳ್ಳಗೆ ಮಂಜು ಕಟ್ಟುತ್ತಿತ್ತು.

ಗುಮಾಸ್ತರು ರಸ್ತೆಗೆ ಅಡ್ಡ ನಿಂತು ಒಂದು ಕಬ್ಬಿನ ಲಾರಿ ತಡೆದರು. ಅದರಲ್ಲಿ ಮಂಡ್ಯಕ್ಕೆ, ಅಲ್ಲಿಂದ ಮೈಸೂರಿಗೆ. ಡಾಕ್ಟರು ಮಾಡುವಷ್ಟು ಮಾಡಿದರು. ಎರಡೂ ಕಣ್ಣು ಹೋದವು.

ಕಾರನ್ನು ಯಾರೋ ಎಳೆದು ತಂದು ಮನೆ ಮುಂದೆ ಬಿಟ್ಟಿದ್ದರು. ಕಾರಿನಣ್ಣ ಅದನ್ನು ಮುಟ್ಟದೆಯೇ ಮಾರಿಬಿಟ್ಟರು. ಅಕ್ಕಿ ಗಿರಣಿಯೊಂದರಲ್ಲಿ ಮೂಟೆ ಲೆಕ್ಕದ ಕೆಲಸ ಹಿಡಿದರು. ಬೆಳಿಗ್ಗೆ ಅಡುಗೆ ಮಾಡಿ, ಜಗುಲಿಯಲ್ಲಿ ಹೆಂಡತಿಯನ್ನು ಕೂರಿಸಿ, ತಲೆ ಬಾಚಿ ಜಡೆ ಹೆಣೆದು ಗಿರಣಿಗೆ ಹೋಗುತ್ತಿದ್ದರು. ಗಂಡಸು ಜಡೆ ಹಾಕುವುದನ್ನು ಕಂಡು ಬೀದಿಯ ಹೆಂಗಸರು ಮೊದಮೊದಲು ಮುಸಿಮುಸಿ ನಕ್ಕರು, ಆಮೇಲೆ ಆ ಕಡೆ ನೋಡುವುದನ್ನೇ ಬಿಟ್ಟರು. ಕೆಲವು ದಿನ ಅಕ್ಕನ ಆ ದೊಡ್ಡ ಗಂಟಲು ಇಡೀ ಬೀದಿಗೆ ಕೇಳುತ್ತಿತ್ತು. "ನನ್ ಕಣ್ಣ ಸುರುದು ಕಾರು ಓಡುಸ್ದೆಯಲ್ಲೋ!" ಕಾರಿನಣ್ಣ ಜಡೆ ಹೆಣೆಯುತ್ತಲೇ ಇರುತ್ತಿದ್ದರು.

ಒಂದು ಸಂಜೆ ಬಸ್ಸಿಳಿದು ಬರುತ್ತಿದ್ದ ನನ್ನನ್ನು ಕಾರಿನಣ್ಣ ಬೀದಿ ಮೂಲೆಯಲ್ಲಿ ನಿಲ್ಲಿಸಿದರು. "ಅಮ್ಮೋರೆ, ಒಂದ್ ಮಾತು ಕೇಳ್ತೀನಿ, ನಿಜ ಹೇಳ್ಬುಡಿ. ಒಸಿನಾದ್ರೂ ಪೆಟ್ರೋಲ್ ಉಳೀತಿತ್ತಾ?"

ನನಗೆ ಸುಳ್ಳು ಹೇಳಬೇಕೆನಿಸಿತು. ಆದರೆ ಅವರು ಕೇಳಿದ್ದು ನಿಜವನ್ನು. "ಇಲ್ಲ ಕಾರಿನಣ್ಣ," ಎಂದೆ.

ಅವರು ತಲೆಯಾಡಿಸಿದರು. "ನಂಗೂ ಗೊತ್ತಿತ್ತು. ಇಳಿಜಾರಾಗೆ ಎಂಜಿನ್ ಆಫ್ ಮಾಡ್ತಿದ್ದೆ. ಜಾಡಿಯಿಂದ್ಲೇ ಉಳೀತಾ ಅದೆ ಅಂತ ನನ್ಗೆ ನಾನೇ ಹೇಳ್ಕಂಡೆ." ತಿರುಗಿ ತಮ್ಮ ಮನೆಯ ಜಗುಲಿಯ ಕಡೆ ನೋಡಿದರು. "ಅವ್ಳು ಕೇಳುದ್ರೆ ಏನ್ ಹೇಳ್ಳಿ ಅಮ್ಮೋರೆ?"

ಆಮೇಲೆ ಅಕ್ಕ ಕೇಳಿದರೋ ಇಲ್ಲವೋ, ಅದು ನನಗೆ ತಿಳಿಯಲಿಲ್ಲ.

ಆ ದಶಕ ಮುಗಿಯುವ ಮೊದಲೇ ಕಾರಿನಣ್ಣ ಗಿರಣಿಯಲ್ಲಿ ಎದೆ ಹಿಡಿದುಕೊಂಡು ಕುಸಿದರು. ಮನೆಗೆ ತಂದಾಗ ಜೀವವಿರಲಿಲ್ಲ. ನಾನು ಹೋದಾಗ ಅಕ್ಕ ಗೋಡೆಗೆ ಒರಗಿ ಕೂತಿದ್ದರು, ಅಳುತ್ತಿರಲಿಲ್ಲ. ನನ್ನ ದನಿ ಗುರುತಿಸಿ ಕೈ ಚಾಚಿ ಹತ್ತಿರ ಎಳೆದುಕೊಂಡರು.

"ಎಲ್ರೂ ನಿದ್ದೆ ಮಾಡ್ದಂಗವ್ರೆ ಅಂತಾರೆ ಕಣಮ್ಮ. ನೀನು ನೋಡಿ ಹೇಳು. ಮಖ ಎಂಗದೆ?"

ನಾನು ಎದ್ದು ಹೋಗಿ ನೋಡಿದೆ. ಬಾಯಿ ಅರ್ಧ ತೆರೆದಿತ್ತು. ಹುಬ್ಬು ಗಂಟಿಕ್ಕಿತ್ತು. ಕೆನ್ನೆ ಒಳಗೆ ಹೋಗಿ, ಗಡ್ಡವೆಲ್ಲ ಬೆಳ್ಳಗಾಗಿತ್ತು. ಬಂದು ಹಾಗೆಯೇ ಹೇಳಿದೆ.

"ಬೆಳ್ಳಗಾ?" ಎಂದರು ಅಕ್ಕ. "ನಾ ಕೊನೇಲಿ ನೋಡ್ದಾಗ ಒಂದೂ ನರೆ ಇರ್ನಿಲ್ಲ." ಆಗ ಅತ್ತರು.

ಆಮೇಲೆ ತಮ್ಮ ಬಂದು ಅವರನ್ನು ಬ್ಲಫ್‌ಗೆ ಕರೆದುಕೊಂಡು ಹೋದ. ನಮಗೂ ಮೈಸೂರಿಗೆ ವರ್ಗವಾಯಿತು. ಅಕ್ಕ ತೀರಿಕೊಂಡ ಸುದ್ದಿ ಎಷ್ಟೋ ತಡವಾಗಿ, ಯಾರದೋ ಮದುವೆಯ ಊಟದ ಸಾಲಿನಲ್ಲಿ, ಮಾತಿನ ನಡುವೆ ಬಂದು ಹೋಯಿತು. ಈಗ ಮದ್ದೂರಿನ ಆ ಬೀದಿಯಲ್ಲಿ ಅವರನ್ನು ಕಂಡವರು ಯಾರೂ ಉಳಿದಿಲ್ಲ. ಸೊಸೆ ನಿನ್ನೆ ಮತ್ತೆ ಕೇಳಿದಳು, ಅಂದು ಏಕೆ ಹಾಗೆ ಎದ್ದು ಹೋದಿರಿ ಎಂದು. ಹೇಳಲು ಕೂತೆ. ಅವರಿಬ್ಬರ ನಿಜವಾದ ಹೆಸರೂ ಹೇಳಿದೆ. ಎಷ್ಟೋ ವರ್ಷಗಳ ಮೇಲೆ ಆ ಹೆಸರುಗಳು ನನ್ನ ಬಾಯಿಗೆ ಬಂದವು. ಮುಂದಕ್ಕೆ ಹೇಳಲಾಗಲಿಲ್ಲ... ಆದ್ದರಿಂದ ಬರೆದಿದ್ದೇನೆ.