ಇಮಾಮ್ ಸಾಬರನ್ನು ಕೂಗಿದ ಸಂಜೆ

ದೆವ್ವ, ಪೀಡೆ, ಗಾಳಿ, ಸೋಂಕು ಇವುಗಳಲ್ಲಿ ನನಗೆ ನಂಬಿಕೆ ಇರಲಿಲ್ಲ. ಇರಲಿಲ್ಲ ಎಂದರೆ ಕಡಿಮೆ ಹೇಳಿದ ಹಾಗಾಯಿತು, ನಂಬುವವರನ್ನು ಕಂಡರೆ ಗೇಲಿ ಮಾಡುತ್ತಿದ್ದೆ. ಅದಕ್ಕೆ ನನ್ನ ಕಸುಬೇ ಕಾರಣ. ಹಳೆಯ ಮನೆಗಳನ್ನು ಕೊಂಡು, ಬಿಚ್ಚಿಸಿ, ತೊಲೆ, ಕಂಬ, ಬಾಗಿಲು, ಹೆಂಚುಗಳನ್ನು ಮಾರುವುದು ನನ್ನ ವ್ಯಾಪಾರ. ಶಿಕಾರಿಪುರ, ಸೊರಬ ಎರಡೂ ತಾಲ್ಲೂಕಿನಲ್ಲಿ ‘ಅಲ್ಲಿ ಏನೋ ಇದೆ’ ಎಂದು ಜನ ಹೆದರುತ್ತಿದ್ದ ಮನೆಗಳನ್ನು ಬಹುಪಾಲು ನಾನೇ ಬಿಚ್ಚಿದ್ದೇನೆ. ಅಂಥ ಮನೆ ಅಗ್ಗಕ್ಕೆ ಸಿಗುತ್ತದೆ ಎನ್ನುವುದು ಬೇರೆ ಮಾತು. ಅಟ್ಟದಲ್ಲಿ ಬಾವಲಿ, ಹೆಂಚಿನ ಸಂದಿಯಲ್ಲಿ ಚೇಳು, ಅಪರೂಪಕ್ಕೆ ಗೋಡೆಯ ಬಿರುಕಿನಲ್ಲಿ ನಾಗರಹಾವು, ಇಷ್ಟು ಬಿಟ್ಟರೆ ಬೇರೇನೂ ನನಗೆ ಎದುರಾಗಿರಲಿಲ್ಲ. ಇದನ್ನು ಓದಿ ನೀವು ನನ್ನನ್ನೇ ಗೇಲಿ ಮಾಡಿದರೆ ಬೇಸರವಿಲ್ಲ. ನಿಮ್ಮ ಜಾಗದಲ್ಲಿದ್ದರೆ ನಾನೂ ಅದನ್ನೇ ಮಾಡುತ್ತಿದ್ದೆ.

ಶಿರಾಳಕೊಪ್ಪದಿಂದ ಸೊರಬಕ್ಕೆ ಹೋಗುವಾಗ ಡಾಂಬರು ರಸ್ತೆ ಬಿಟ್ಟು ಒಳಕ್ಕೆ ಹೋದರೆ ಅರಸರ ಕಾಲದ ಒಂದು ಶಿಕಾರಿ ಬಂಗಲೆ ಇತ್ತು. ಯಾವ ಅರಸರು ಕಟ್ಟಿಸಿದ್ದು ಎಂದು ಕೇಳಿದರೆ ಒಬ್ಬೊಬ್ಬರು ಒಂದೊಂದು ಹೆಸರು ಹೇಳುತ್ತಿದ್ದರು. ಅರಸರು ಬಂದು ತಂಗುತ್ತಿದ್ದದ್ದು ವರ್ಷಕ್ಕೆ ಒಂದೆರಡು ದಿನ, ಕೆಲವು ವರ್ಷ ಅದೂ ಇಲ್ಲ. ಮಿಕ್ಕ ದಿನಗಳಲ್ಲೆಲ್ಲ ಅಲ್ಲಿ ಬಾಳಿದ್ದು ಬಂಗಲೆ ನೋಡಿಕೊಳ್ಳುತ್ತಿದ್ದ ಒಂದು ಮುಸ್ಲಿಂ ಕುಟುಂಬ. ಕಾವಲು ಅವರದೇ, ಅಡುಗೆ ಅವರದೇ. ಬೇಟೆಯ ದಿನ ಗದ್ದಲ ಮಾಡಿ ಪ್ರಾಣಿಗಳನ್ನು ಬಂದೂಕಿನ ಕಡೆಗೆ ಅಟ್ಟಲು ಸುತ್ತಲಿನ ಹಳ್ಳಿಗಳಿಂದ ಆಳು ಕೂಡಿಸುವುದೂ ಅವರದೇ. ಆಮೇಲೆ ಅರಸರು ಹೋದರು, ಬೇಟೆ ಹೋಯಿತು, ಕಾಡೂ ಹೋಯಿತು. ನಾನು ನೋಡುವ ಹೊತ್ತಿಗೆ ಬಂಗಲೆಯ ಸುತ್ತ ಕಣ್ಣು ಹಾಯುವವರೆಗೂ ಮೆಕ್ಕೆಜೋಳ. ಕೈಯಿಂದ ಕೈಗೆ ದಾಟಿ ಕೊನೆಗೆ ಅದನ್ನು ಕೊಂಡವರಿಗೆ ನೆಲ ಬೇಕಿತ್ತೇ ಹೊರತು ಕಟ್ಟಡ ಬೇಕಿರಲಿಲ್ಲ. ಅದು ನನ್ನ ಪಾಲಿಗೆ ಬಂತು.

ಆ ಕುಟುಂಬದಲ್ಲಿ ಕೊನೆಗೆ ಅಲ್ಲಿ ಉಳಿದಿದ್ದವರು ಮಾಬೂಬಿ. ಗಂಡ ತೀರಿಕೊಂಡಿದ್ದರು, ಮಕ್ಕಳಿರಲಿಲ್ಲ. ತಂಗಿಯ ಮಗ ಖಾದರ್ ಶಿರಾಳಕೊಪ್ಪದಲ್ಲಿ ಗಾದಿ ಹೊಲಿಯುವ ಅಂಗಡಿ ಇಟ್ಟಿದ್ದ. ಇವರನ್ನು ತನ್ನ ಮನೆಗೆ ಕರೆದುಕೊಂಡು ಹೋಗುವುದೆಂದು ಅವನೇ ತೀರ್ಮಾನ ಮಾಡಿದ್ದ. ಅವರೂ ಒಪ್ಪಿದ್ದರು. ನಾನು ಮೊದಲ ಸಲ ಮರ ನೋಡಲು ಹೋದಾಗ ಖಾದರ್ ಪಕ್ಕಕ್ಕೆ ಕರೆದು ಹೇಳಿದ್ದ, “ನಮ್ ದೊಡ್ಡಮ್ಮಂದು ಒಂದು ರೂಢಿ ಐತ್ರೀ. ಸಂಜೀಗೆ ಜಗಲಿ ಮ್ಯಾಲೆ ಕುಂತು ಹೊಲದ ಕಡೆ ಮುಖ ಮಾಡಿ ಒಂದು ಹೆಸರು ಕರೀತಾರ. ನೋಡಿ ನಗಬ್ಯಾಡ್ರಿ.” ನಗುವುದಿಲ್ಲ ಎಂದೆ. ಒಳಗೊಳಗೇ ನಕ್ಕಿದ್ದೆ.

ಅದರ ಹಿಂದಿನ ಕಥೆಯನ್ನು ಮಾಬೂಬಿಯೇ ಹೇಳಿದರು. ಕೆಲಸ ಶುರುವಾಗುವ ಹಿಂದಿನ ದಿನ, ಇಳಿಹೊತ್ತಿನಲ್ಲಿ ಅಳತೆ ಮುಗಿಸಿ ಜಗಲಿಯಲ್ಲಿ ಕೂತಿದ್ದೆ. ಸಾಮಾನೆಲ್ಲ ಟೆಂಪೋಗೆ ಹೇರಿಕೊಂಡು ಖಾದರ್ ಆಗಲೇ ಹೋಗಿದ್ದ. ಇಳಿಸಿ ಬಂದು ಇವರನ್ನು ಕರೆದೊಯ್ಯುವವನಿದ್ದ. ಮನೆಯಲ್ಲಿ ಉಳಿದಿದ್ದದ್ದು ಒಲೆಯ ಮೇಲೆ ಎರಡು ಪಾತ್ರೆ, ನಾಲ್ಕಾರು ತಟ್ಟೆ, ನಾವಿಬ್ಬರು. ಅವರಿಗೆ ಶಿವಮೊಗ್ಗದಲ್ಲಿ ಗಂಟಲಿನ ಆಪರೇಷನ್ ಆಗಿತ್ತು. ದನಿ ಪೂರ್ತಿ ಉಡುಗಿ ಬರೀ ಉಸಿರಿನಲ್ಲಿ ಮಾತಾಡುತ್ತಿದ್ದರು. ಕಿವಿಯೂ ಮಂದ. ನಾನು ಹತ್ತಿರ ಸರಿದು ಕೂತು ಕೇಳಬೇಕಾಯಿತು.

ಅವರ ತಂದೆ ಇಮಾಮ್ ಸಾಬರು ಬಂಗಲೆಯ ಮೇಟಿ, ಆಳುಗಳಿಗೆಲ್ಲ ಮೇಲಾಳು. ಬೇಟೆ ಮುಗಿದ ಸಂಜೆ ಮೆಟ್ಟಿಲ ಮೇಲೆ ನಿಂತು, ಕಾಡಿಗೆ ಹೋದ ಆಳುಗಳ ಹೆಸರನ್ನು ಒಂದೊಂದಾಗಿ ಕೂಗುತ್ತಿದ್ದರಂತೆ. ಹೆಸರಿನವನು ಎಲ್ಲಿದ್ದರೂ ‘ಓ’ ಎನ್ನಬೇಕು. ಎಲ್ಲರೂ ಓಗೊಟ್ಟ ಮೇಲೇ ಅನ್ನದ ಹಂಡೆಯ ಮುಚ್ಚಳ ತೆಗೆಯುವುದು. “ಅರಸರಿಗೂ ಅಷ್ಟೇರೀ. ಒಬ್ಬ ಬರೋದು ಬಾಕಿ ಇದ್ರೂ ಅವರಿಗೂ ಊಟ ಇಲ್ಲ,” ಎಂದರು ಮಾಬೂಬಿ. ಆ ಮಾತು ಹೇಳುವಾಗ ಅವರ ಮುಖದಲ್ಲಿ ಹೆಮ್ಮೆ ಇತ್ತು.

ಒಂದು ಸಂಜೆ ಒಬ್ಬ ಆಳು ಓಗೊಡಲಿಲ್ಲ. ಇಮಾಮ್ ಸಾಬರು ಮತ್ತೆ ಮತ್ತೆ ಕೂಗಿದರು. ಕೊನೆಗೆ ಕಂದೀಲು ಹಿಡಿದು ತಾವೇ ಹುಡುಕಲು ಕಾಡಿಗೆ ಹೋದರು. ಅವರು ಅತ್ತ ಹೋದರು, ಆ ಆಳು ಇತ್ತ ಹಿತ್ತಲ ಕಡೆಯಿಂದ ಬಂದ. ಬಾವಿಕಟ್ಟೆಯಲ್ಲಿ ಕಾಲು ತೊಳೆಯುತ್ತಿದ್ದನಂತೆ, ಕೇಳಿಸಿರಲಿಲ್ಲ. ಬಾಕಿ ಇದ್ದವನು ಬಂದನಲ್ಲ, ಲೆಕ್ಕ ಸರಿಹೋಯಿತು. ಹಂಡೆ ತೆಗೆದರು, ಎಲ್ಲರೂ ಉಂಡರು, ದೊಡ್ಡವರು ಕಾರು ಹತ್ತಿ ಹೋದರು. ಹೆಸರು ಕೂಗುವವರ ಹೆಸರನ್ನು ಕೂಗುವ ಪದ್ಧತಿ ಇರಲೇ ಇಲ್ಲ. ಅಡುಗೆಮನೆಯಲ್ಲಿದ್ದ ಹೆಂಡತಿ, ಗಂಡ ಅರಸರ ಹತ್ತಿರ ಇದ್ದಾರೆ ಎಂದುಕೊಂಡರು. ಜಗಲಿಯಲ್ಲಿದ್ದವರು, ಸಾಬರು ಅಡುಗೆಮನೆಯಲ್ಲಿ ಇದ್ದಾರೆ ಎಂದುಕೊಂಡರು. ಅವರು ಬಂದಿಲ್ಲ ಎಂದು ತಿಳಿದದ್ದು ಬೆಳಗಾದ ಮೇಲೆ. ಹುಡುಕಿದರು. ಕಂದೀಲೂ ಸಿಗಲಿಲ್ಲ.

“ಅವತ್ತು ನಾನೂ ಉಂಡೆ ಕಣ್ರೀ,” ಎಂದರು ಮಾಬೂಬಿ. “ಸಣ್ಣೋಳು. ಹೊಟ್ಟೆ ತುಂಬಾ ಉಂಡು ಮಲಗಿದೆ.”

ಅಂದಿನಿಂದ ಅವರ ತಾಯಿ ದಿನಾ ಸಂಜೆ ಆ ಹೆಸರು ಕೂಗುತ್ತಿದ್ದರು. ತಾಯಿ ಹೋದ ಮೇಲೆ ಇವರು, ದನಿ ಹೋದ ಮೇಲೂ ಉಸಿರಿನಲ್ಲೇ. ಕೂಗಿ, ಪೂರ್ತಿ ಕತ್ತಲಾಗುವವರೆಗೆ ಕಾದು, ಆಮೇಲೆ ಊಟ. ಒಂದು ದಿನವೂ ಉತ್ತರ ಬಂದಿರಲಿಲ್ಲ. ಬರುತ್ತದೆ ಎಂದು ಅವರು ನಂಬಿದ್ದರೋ ಇಲ್ಲವೋ ನನಗೆ ಗೊತ್ತಿಲ್ಲ, ನಾನು ಕೇಳಲಿಲ್ಲ.

“ನಾಳೆ ನೀವು ಹೆಂಚು ಇಳಿಸ್ತೀರಿ. ನಂಗೆ ದನಿ ಇಲ್ಲ. ಇವತ್ತೊಂದು ಸಲ ನೀವು ಕೂಗ್ರಿ,” ಎಂದರು. “ನಾವು ಶಿರಾಳಕೊಪ್ಪಕ್ಕೆ ಖಾದರನ ಮನೆಗೆ ಹೋಗ್ತೀವಿ ಅಂತ ಹೇಳ್ರಿ. ಹೇಳದೆ ಹೋದ್ರೆ ಅಬ್ಬಾ ಬಂದು ನೋಡ್ತಾರೆ, ಮನೇನೇ ಇರಲ್ಲ. ಗಾಬರಿ ಆಗ್ತಾರೆ.”

ಇಲ್ಲ ಎನ್ನುವುದು ಹೇಗೆ? ಎದ್ದು ಮೆಟ್ಟಿಲ ಮೇಲೆ ನಿಂತೆ. ಹೊಲದಲ್ಲಿ ಗುರುತಿನವರು ಯಾರಾದರೂ ಇದ್ದಾರೆಯೇ ಎಂದು ಮೊದಲು ನೋಡಿಕೊಂಡೆ, ಇದ್ದಿದ್ದರೆ ಶಿಕಾರಿಪುರದ ಹೋಟೆಲುಗಳಲ್ಲಿ ನನ್ನ ಮರ್ಯಾದೆ ಮೂರು ಕಾಸಿಗೆ ಹೋಗುತ್ತಿತ್ತು. ಸಣ್ಣದಾಗಿ ಕೂಗಿದೆ. “ಅಷ್ಟು ಸಾಲಲ್ರೀ,” ಎಂದು ಕೈಸನ್ನೆ ಮಾಡಿದರು. ಆಗ ಸೂರಿನ ಮೇಲಿರುವ ಆಳುಗಳಿಗೆ ಕೂಗುವ ಹಾಗೆ ಗಂಟಲು ಬಿಟ್ಟು ಕೂಗಿದೆ. “ಇಮಾಮ್ ಸಾಬ್ರೇ, ಬರ್ರೀ. ನಿಮ್ಮ ಮಗಳು ಶಿರಾಳಕೊಪ್ಪಕ್ಕೆ ಹೋಗ್ತಾರೆ, ಖಾದರನ ಮನೇಲಿ ಇರ್ತಾರೆ.” ಜೋಳದ ಮೇಲಿಂದ ಹಕ್ಕಿಗಳು ಎದ್ದು ಹೋದವು. ಹೊತ್ತು ಮುಳುಗಿತ್ತು, ಬೆಳಕಿನ್ನೂ ಇತ್ತು. ಆಯಿತಲ್ಲ ಎಂದು ನಾನು ತಿರುಗುವವನಿದ್ದೆ.

ಆಗ ಹಿಂದಿನಿಂದ, ಮನೆಯ ಒಳಗಿನಿಂದ, ಒಬ್ಬ ಗಂಡಸು ಹೇಳಿದ್ದು ಕೇಳಿಸಿತು. “ಎಲ್ಲಾರೂ ಬಂದ್ರು. ಬಡಿಸ್ರಿ.”

ಗಟ್ಟಿ ದನಿಯೇನೂ ಅಲ್ಲ. ಕೈತುಂಬ ಕೆಲಸವಿರುವ ಮನುಷ್ಯ ಪಕ್ಕದ ಕೋಣೆಯವರಿಗೆ ಹೇಳುವ ಹಾಗಿತ್ತು. ದನಿಯಲ್ಲಿ ದಣಿವು ಇತ್ತು. ಹೆದರಿಸುವಂಥದ್ದು ಏನೂ ಇರಲಿಲ್ಲ. ಖಾದರ್ ಬಂದನೆಂದುಕೊಂಡು ನಾನು ಒಳಗೆ ಹೋದೆ. ಸಾಮಾನೆಲ್ಲ ಖಾಲಿಯಾಗಿದ್ದರಿಂದ ಮುಂಬಾಗಿಲಿನಿಂದ ಅಡುಗೆಮನೆ ದಾಟಿ ಹಿತ್ತಲವರೆಗೆ ನೇರ ಕಾಣುತ್ತಿತ್ತು. ಯಾರೂ ಇಲ್ಲ. ಕೋಣೆ ಕೋಣೆ ನೋಡಿದೆ, ಬಾವಿಯ ತನಕ ಹೋಗಿ ಬಂದೆ. ರೇಡಿಯೋ, ಟೀವಿ ಎಲ್ಲ ಟೆಂಪೋದಲ್ಲಿ ಹೋಗಿದ್ದವು. ಖಾದರ್ ಬಂದದ್ದು ಅದೆಷ್ಟೋ ಹೊತ್ತಿನ ಮೇಲೆ.

ನಾನು ವಾಪಸು ಬಂದಾಗ ಮಾಬೂಬಿ ಹೊಲದ ಕಡೆಗೇ ಮುಖ ಮಾಡಿ ಕೂತಿದ್ದರು. ಅವರಿಗೆ ಏನೂ ಕೇಳಿಸಿರಲಿಲ್ಲ. ನನ್ನ ಮುಖ ನೋಡಿ, “ಯಾಕ್ರೀ, ಏನಾತು?” ಎಂದರು. ಮುಚ್ಚಿಡಲು ನನಗೆ ತೋಚಲಿಲ್ಲ. ಕೇಳಿಸಿದ್ದನ್ನು ಕೇಳಿಸಿದ ಹಾಗೇ ಅವರ ಕಿವಿಯ ಹತ್ತಿರ ಹೇಳಿದೆ.

ಅವರು ಪೂರ್ತಿ ನನ್ನ ಕಡೆ ತಿರುಗಿದರು. “ಆ ಮಾತು ನಿಮಗ್ಯಾರು ಹೇಳಿದ್ರು? ಖಾದರ್ ಹೇಳಿದ್ನಾ?” ಎಂದರು.

ಯಾರೂ ಹೇಳಿಲ್ಲ ಎಂದೆ. ಎಲ್ಲರೂ ಓಗೊಟ್ಟ ಮೇಲೆ ಇಮಾಮ್ ಸಾಬರು ಅಡುಗೆಮನೆ ಕಡೆ ತಿರುಗಿ ಹೇಳುತ್ತಿದ್ದ ಮಾತಂತೆ ಅದು. ಖಾದರನನ್ನು ಆಮೇಲೆ ಕೇಳಿದ್ದೇನೆ, ಅವನಿಗೆ ಗೊತ್ತೇ ಇರಲಿಲ್ಲ. ಇಮಾಮ್ ಸಾಬರು ಕಾಡಿಗೆ ಹೋದಾಗ ಅವನ ತಾಯಿ ಇನ್ನೂ ಕೈಕೂಸು.

“ಒಳಗಿಂದಾನಾ?” ಎಂದು ಮಾಬೂಬಿ ಇನ್ನೊಂದು ಸಲ ಕೇಳಿದರು. ಹೌದು ಎಂದೆ. ಮೊಣಕಾಲು ಹಿಡಿದುಕೊಂಡು ಎದ್ದರು. ಒಳಗೆ ಹೋಗಿ, ಕತ್ತಲಾಗುವುದನ್ನು ಕಾಯದೆ ಪಾತ್ರೆಯ ಮುಚ್ಚಳ ತೆಗೆದು ನನಗೆ ಅನ್ನ, ಬೇಳೆಸಾರು ಬಡಿಸಿದರು. ತಾವೂ ಬಡಿಸಿಕೊಂಡರು. ಉಣ್ಣುತ್ತಾ ಅಳುತ್ತಿದ್ದರು. ನಾನು ತಲೆ ತಗ್ಗಿಸಿಕೊಂಡು ಹೇಗೋ ಉಂಡು ಮುಗಿಸಿದೆ.

ಮರುದಿನ ಕೆಲಸ ಶುರು ಮಾಡಿದೆವು. ಅಷ್ಟು ನಿಧಾನವಾಗಿ ನಾನು ಯಾವ ಮನೆಯನ್ನೂ ಬಿಚ್ಚಿಸಿಲ್ಲ. ಆಳುಗಳು ಗೊಣಗಿದರು. ಅಡುಗೆಮನೆ ಬಿಚ್ಚುವಾಗ ಪಕ್ಕದಲ್ಲೇ ನಿಂತಿದ್ದೆ. ಗೋಡೆಯಲ್ಲಿ ಏನೂ ಇರಲಿಲ್ಲ, ಅಡಿಪಾಯದಲ್ಲಿ ಏನೂ ಇರಲಿಲ್ಲ. ಒಲೆಯ ಕೆಳಗೆ ಗಟ್ಟಿಯಾದ ಬೂದಿ, ಅಷ್ಟೇ. ಜೋಳ ಕಾಯುವವರು ಹಂದಿ ಓಡಿಸಲು ಕೂಗುತ್ತಾರೆ, ಅದನ್ನು ಕೇಳಿಸಿಕೊಂಡೆನೇ? ಹಂದಿಗೆ ಯಾರೂ ಬಡಿಸಿ ಎನ್ನುವುದಿಲ್ಲ. ಕಥೆ ಕೇಳಿ ಮನಸ್ಸು ಕರಗಿತ್ತು, ತಲೆಯೇ ಆ ಮಾತು ಕಟ್ಟಿಕೊಂಡಿತು ಎನ್ನೋಣವೆಂದರೆ, ನನಗೆ ಗೊತ್ತಿಲ್ಲದ ಮಾತನ್ನು ನನ್ನ ತಲೆ ಎಲ್ಲಿಂದ ತಂದಿತು?

ಕೆಲವು ತಿಂಗಳಾದ ಮೇಲೆ ಶಿರಾಳಕೊಪ್ಪದ ಸಂತೆಗೆ ಹೋದವನು ಖಾದರನ ಮನೆಗೂ ಹೋದೆ. ಮಾಬೂಬಿ ಮಂಚದ ಮೇಲೆ ಕೂತಿದ್ದರು, ತುಂಬ ಇಳಿದುಹೋಗಿದ್ದರು. ಇಲ್ಲಿಗೆ ಬಂದ ಮೇಲೆ ಒಂದು ಸಂಜೆಯೂ ಕರೆದಿಲ್ಲ, ಹೊತ್ತು ಮುಳುಗುವಾಗ ಏನು ಮಾಡಬೇಕೆಂದು ತಿಳಿಯದೆ ಸುಮ್ಮನೆ ಕೂತಿರುತ್ತಾರೆ ಎಂದು ಖಾದರ್ ಹೇಳಿದ. ನನಗೆ ಚಹಾ ಕೊಡಿಸಿದರು. ಹೆಂಚು ಒಳ್ಳೆ ರೇಟಿಗೆ ಹೋಯಿತಾ ಎಂದು ವಿಚಾರಿಸಿದರು. ಆಮೇಲೆ ಹತ್ತಿರ ಬರಲು ಸನ್ನೆ ಮಾಡಿದರು.

“ಅಬ್ಬಾ ಒಳಗಿದ್ರು ಅಂದ್ರಲ್ಲ. ನಾವು ಇಷ್ಟು ವರ್ಷ ಹೊರಗೆ ಮುಖ ಮಾಡ್ಕೊಂಡು ಕೂಗಿದ್ವಿ. ಹೋಗ್ಲಿ ಬಿಡ್ರಿ, ಅದು ನಮ್ ತಪ್ಪು. ಈಗ ಆ ಮನೇಗೆ ಒಳಗೇ ಇಲ್ವಲ್ರೀ. ಅವರು ಎಲ್ಲಿ ಇರ್ತಾರೆ?”

ಬೇಸಿಗೆಯಲ್ಲಿ ಮಾಬೂಬಿ ತೀರಿಕೊಂಡರು. ಮಣ್ಣಿಗೆ ಹೋಗಿದ್ದೆ. ಎಲ್ಲರೂ ಹಿಡಿ ಮಣ್ಣು ಹಾಕಿ ಹಿಂದಿರುಗಿದ ಮೇಲೂ ಸ್ವಲ್ಪ ಹೊತ್ತು ಅಲ್ಲೇ ನಿಂತಿದ್ದೆ. ನಾಚಿಕೆ ಬಿಟ್ಟು ಹೇಳುತ್ತೇನೆ, ಯಾರಾದರೂ ಏನಾದರೂ ಅನ್ನುತ್ತಾರೇನೋ ಎಂದು ಕಿವಿಗೊಟ್ಟಿದ್ದೆ. ಯಾರೂ ಏನೂ ಅನ್ನಲಿಲ್ಲ.